ಮಾವನವರ ಮಂಕಿ ಟೋಪಿಯೂ ನಮ್ಮ ಹೀಟ್ ಪಂಪೂ

ಇಂದು ಬೆಳಿಗ್ಗೆ ಕಪಾಟಿನ ಮೇಲಿನ ಅರೆಯಿಂದ ಕಂದು ಬಣ್ಣದ ಮಂಕಿ ಟೋಪಿಯೊಂದನ್ನು ಹುಡುಕಿ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಮಾವನವರ ನೆನಪಾಯಿತು. ಅದರ ಬೆನ್ನಿಗೇ ಹೀಟ್ ಪಂಪಿನದೂ. ಟೋಪಿ ನನಗೆ ಈಗೇಕೆ ಬೇಕಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಸ್ವಲ್ಪ ಧೈರ್ಯ ತಂದುಕೊಳ್ಳಬೇಕಾಗಿದೆ.

ನಮ್ಮ ಮನೆ ಇರುವುದು ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಬಡಾವಣೆಗಳನ್ನೆಲ್ಲ ದಾಟಿ, ಮುಸುಕಿನ ಜೋಳದ ಹೊಲಗಳು ಆರಂಭವಾಗುವ ಕಡೆ. ಅಲ್ಲಿಗೆ ಗ್ಯಾಸಿನ ಪೈಪು ಬಂದಿಲ್ಲವಾದ್ದರಿಂದ ಬೇಸ್‌ಮೆಂಟಿನಲ್ಲಿ ಮನೆ ಬಿಸಿಮಾಡುವ ಎಣ್ಣೆಯ ಫರ್ನೇಸ್ ಉರಿಯುತ್ತಿತ್ತು. ಅದು ಹೊತ್ತಿಕೊಂಡಾಗಲೆಲ್ಲ ಮನೆ ಗುಡುಗುತ್ತಿತ್ತು. ಮೈಸೂರಿನಿಂದ ಬಂದು ನಮ್ಮೊಡನಿದ್ದ ಮಾವನವರಿಗೆ ಆ ಗುಡುಗು ಬಹಳ ಪ್ರಿಯ. “ಕೆಲಸ ಮಾಡೋದು ಕೇಳಿಸ್ಬೇಕು ಅಳಿಯಂದ್ರೆ” ಎನ್ನುತ್ತಿದ್ದರು.

ಅದನ್ನು ತೆಗೆಸಿ ವಿದ್ಯುತ್ತಿನ ಹೀಟ್ ಪಂಪು ಹಾಕಿಸುವ ನಿರ್ಧಾರ ಪೂರ್ಣವಾಗಿ ನನ್ನದು. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು; ಆದುದರಿಂದ ಮನೆಯ ಯಾವ ಯಂತ್ರ ಕೆಟ್ಟರೂ ನನ್ನ ಪದವಿಯೇ ಕೆಟ್ಟಿತೆಂಬ ಅಳುಕು. ಹೊರಗಿನ ಚಳಿಗಾಳಿಯಲ್ಲೂ ಶಾಖವಿರುತ್ತದೆ, ಪಂಪು ಅದನ್ನು ಹೆಕ್ಕಿ ಒಳಗೆ ತರುತ್ತದೆ ಎಂದು ಮಾವನವರಿಗೆ ಎದ್ದು ನಿಂತು ವಿವರಿಸಿದೆ. ಅವರು ಕಿಟಕಿಯಾಚೆಯ ಹಿಮವನ್ನು ನೋಡಿದರು.

“ಅಲ್ಲಿಂದಾನಾ?”

“ಹೌದು ಮಾವ.”

“ಆಗ್ಲಿ. ನೀವು ಓದಿರೋರು.”

ಪಂಪು ಬಂತು. ಅದೇ ವಾರ ನನ್ನ ಹೆಂಡತಿ ಸುಮಾ ಕೂದಲು ಕತ್ತರಿಸುವ ಟ್ರಿಮ್ಮರ್ ಒಂದನ್ನೂ ತರಿಸಿದ್ದಳು; ಒಟ್ಟಿನಲ್ಲಿ ಮನೆಯೇ ಆಧುನಿಕವಾಗುತ್ತಿತ್ತು. ಗುಡುಗು ಹೋದ ಮೇಲೆ ಎಂಥ ನಿಶ್ಶಬ್ದವೆಂದರೆ, ಚಕ್ಕುಲಿ ಕಡಿಯಲೂ ನನಗೆ ಸಂಕೋಚ. ಮರುದಿನ ಮಾವನವರು ಮಂಕಿ ಟೋಪಿ ಧರಿಸಿ ಕಾಫಿಗೆ ಬಂದರು. ಕಣ್ಣು, ಮೂಗು, ಮೀಸೆ ಮಾತ್ರ ಕಾಣುತ್ತಿದ್ದವು.

“ಚಳಿ ಆಗ್ತಿದ್ಯಾ ಮಾವ?”

“ಏನಿಲ್ಲ. ಸುಮ್ನೆ ಹಾಕ್ಕೊಂಡೆ.”

ಆ ‘ಸುಮ್ನೆ’ ನನ್ನನ್ನು ಕೊಂದಿತು. ಥರ್ಮೋಸ್ಟಾಟನ್ನು ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನಿಂದ ಎಪ್ಪತ್ತೆರಡಕ್ಕೆ ಏರಿಸಿದೆ. ಟೋಪಿ ಇಳಿಯಲಿಲ್ಲ. ಎಪ್ಪತ್ತೆಂಟಕ್ಕೆ ಬರುವ ಹೊತ್ತಿಗೆ ಸುಮಾ ಫ್ರಿಜ್ಜಿನ ಬಾಗಿಲು ತೆರೆದು ಅದರ ಮುಂದೆ ನಿಂತೇ ಹುರುಳಿಕಾಯಿ ಸೋಸುತ್ತಿದ್ದಳು. “ರೀ, ಇದು ಮನೇನಾ, ಬಾಣಲೇನಾ?” ನಾನು ಕ್ಯಾಮೆರಾ ಆರಿಸಿ, ಬನಿಯನ್ನಿನಲ್ಲಿ ಆಫೀಸಿನ ಮೀಟಿಂಗಿಗೆ ಕುಳಿತಿದ್ದೆ. ಮಾವನವರ ಮೀಸೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಟೋಪಿ ಮಾತ್ರ ಅಲ್ಲೇ.

ಸುಮಾ ಸ್ನಾನಕ್ಕೆ ಹೋದಾಗ ಅವರ ಮುಂದೆ ಕುಳಿತು ಶರಣಾದೆ. “ಬೇಜಾರ್ ಮಾಡ್ಕೋಬೇಡಿ ಮಾವ. ಬೇಕಾದ್ರೆ ಫರ್ನೇಸನ್ನೇ ವಾಪಸ್ ಹಾಕಿಸ್ತೀನಿ.”

ಅವರು ಬಚ್ಚಲಿನ ಬಾಗಿಲ ಕಡೆ ಒಮ್ಮೆ ನೋಡಿ ಟೋಪಿ ಎತ್ತಿದರು. ಎಡಗಿವಿಯ ಮೇಲಿಂದ ನೆತ್ತಿಯವರೆಗೆ ಕೂದಲಿನ ನಡುವೆ ಹೆದ್ದಾರಿಯೊಂದು ಹಾದುಹೋಗಿತ್ತು; ದಾರಿಯಲ್ಲಿ ಎರಡು ಎಕ್ಸಿಟ್. ನಾನು ಪಂಪಿನ ಕೈಪಿಡಿ ಓದುತ್ತಿದ್ದ ಸಂಜೆ ಸುಮಾ ತನ್ನ ಟ್ರಿಮ್ಮರನ್ನು ಪರೀಕ್ಷಿಸಿದ್ದಳು.

“ಮಗಳು ಆಸೆಯಿಂದ ಮಾಡಿದ್ದು. ಚೆನ್ನಾಗಿದೆ ಅಂದ್ಬಿಟ್ಟಿದೀನಿ” ಎಂದು ಪಿಸುಗುಟ್ಟಿದರು. “ಪಂಪು ಒಳ್ಳೇದೇ ಅಳಿಯಂದ್ರೆ. ಸ್ವಲ್ಪ ಕಮ್ಮಿ ಮಾಡಿ, ಬೆಂದೋಗ್ತಿದೀನಿ.”

ನನ್ನ ಪದವಿ ಉಳಿಯಿತು. ಊರಿಗೆ ಹೊರಡುವಾಗ ಅವರು ಟೋಪಿಯನ್ನು ನನ್ನ ಕೈಗಿತ್ತರು. “ಇಟ್ಕೊಂಡಿರಿ. ಬೇಕಾಗತ್ತೆ.”

ನಿನ್ನೆ ಸಂಜೆ ಸುಮಾ ಟ್ರಿಮ್ಮರ್ ಹಿಡಿದು ನನ್ನ ಬಳಿ ಬಂದಳು. ಚೆನ್ನಾಗಿದೆ ಎಂದು ನಾನೂ ಹೇಳಿಬಿಟ್ಟೆ.

ಇದೀಗ ಪಕ್ಕದ ಹೊಲದ ಡೇವ್ ಬಂದು ಹೋದರು. ಅವರೂ ಎಣ್ಣೆ ಬಿಟ್ಟು ಹೀಟ್ ಪಂಪಿಗೆ ಬರುವ ಯೋಚನೆಯಲ್ಲಿದ್ದಾರೆ. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರು. “ಮನೆ ತುಂಬ ಬೆಚ್ಚಗಿರುತ್ತದೆ” ಎಂದು ಟೋಪಿಯೊಳಗಿಂದಲೇ ಹೇಳಿದೆ. ಡೇವ್ ನನ್ನ ತಲೆಯನ್ನೇ ನೋಡುತ್ತ ನಿಂತರು. ಟೋಪಿ ತೆಗೆದಿದ್ದರೆ ಪಂಪಿನ ಮಾನವೂ, ಪದವಿಯ ಮಾನವೂ ಉಳಿಯುತ್ತಿದ್ದವು. ಆದರೆ ನನ್ನ ಹಿಂದೆಯೇ ಅಡುಗೆಮನೆಯಲ್ಲಿ ಸುಮಾ ಸಂತೋಷವಾಗಿ ಏನನ್ನೋ ಗುನುಗುತ್ತಿದ್ದಳು.

ನಾನು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ.