ತೋಟ ಮಸುಕಾದ ಫೋಟೊ

ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಾಗ ಫೋನು ಬಂತು. ಕೈಯೆಲ್ಲ ಅಂಟು, ಹೇಗೋ ಎತ್ತಿ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ. ನಾದಿನಿಗೆ ನೋಡಿದ್ದ ತುರುವೇಕೆರೆ ಕಡೆಯ ಹುಡುಗನ ತಾಯಿ. "ನಿಮ್ಮ ನಾದಿನಿ ಫೋಟೊ ಬಂತು ಕಣಮ್ಮ. ತಡೀರಿ, ಕನ್ನಡಕ ತತ್ತೀನಿ" ಎಂದು ಫೋನನ್ನು ಎಲ್ಲೋ ಇಟ್ಟು ಹೋದರು. ಅವರು ಕನ್ನಡಕ ಹುಡುಕುವಷ್ಟರಲ್ಲಿ ನಾನು ಮನೆದೇವರು ರಂಗನಾಥನಿಗೆ ತುಪ್ಪದ ದೀಪದ ಹರಕೆ ಹೊತ್ತಾಗಿತ್ತು. ಏಕೆಂದರೆ ಆ ಫೋಟೊ ತೆಗೆದವಳು ನಾನು.

ಈಗೇನು ಬಿಡಿ, ಮುಖದ ಹಿಂದಿರುವುದನ್ನೆಲ್ಲ ಫೋನೇ ಮಸುಕು ಮಾಡಿಕೊಡುತ್ತದೆ. ಆಗ ನಮ್ಮ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಯಜಮಾನರು ಎಂದೋ ಕೊಂಡಿದ್ದ ಅಂಗೈಯಗಲದ ಕ್ಯಾಮೆರಾ. ನಮ್ಮ ತಿಪಟೂರು ಸೀಮೆಯಲ್ಲಿ ಯಾರ ಫೋಟೊ ತೆಗೆದರೂ ತಲೆಯಿಂದ ಒಂದು ತೆಂಗಿನಮರ ಎದ್ದಿರುತ್ತದೆ. ನಮ್ಮ ಯಜಮಾನರಿಗೆ ಮದುವೆ ಫೋಟೊದಲ್ಲಿ ಗೊನೆ ಸಮೇತ ಎದ್ದಿದೆ.

ನಾದಿನಿ ಸುಧಾಳನ್ನೂ ಅತ್ತೆ ತೋಟದ ಸಾಲಿನಲ್ಲೇ ನಿಲ್ಲಿಸಿ ಫೋಟೊ ತೆಗೆಸುತ್ತಿದ್ದರು. ಅದನ್ನು ನೋಡಿ ಬಂದ ಇಬ್ಬರು ಗಂಡಿನ ಕಡೆಯವರೂ ಹಜಾರದಲ್ಲಿ ಕೂತು ಕೇಳಿದ್ದು ಮರದ ವಿಚಾರ: ನೀರು ಹೇಗೆ, ಕಾಯಿ ಕೊಬ್ಬರಿಗೆಂದು ಅಟ್ಟಕ್ಕೆ ಹಾಕುತ್ತೀರೋ ಎಳನೀರಿಗೆ ಕೊಡುತ್ತೀರೋ. ಸುಧಾ ತಂದ ಕಾಫಿ ಕುಡಿದರು, ಅವಳ ಮುಖ ಮಾತ್ರ ನೋಡಲಿಲ್ಲ. ಎರಡನೆಯವರು ಎದ್ದು ಹೋದ ಮೇಲೆ ಲೋಟ ತೊಳೆಯುತ್ತಾ ಅವಳು ಹೇಳಿದಳು: "ಅತ್ತಿಗೆ, ಇನ್ನೊಂದ್ಸಲ ನನ್ನನ್ನ ತೋಟದ ಜೊತೆ ನಿಲ್ಸಿದ್ರೆ ನಾನು ಮದ್ವೇನೇ ಆಗಲ್ಲ. ನನ್ನನ್ನ ನೋಡೋರು ಇದ್ರೆ ಬರ್ಲಿ." ಹಟಮಾರಿ, ಆಗಲ್ಲ ಎಂದರೆ ಆಗಲ್ಲ.

ನನಗೆ ಗೊತ್ತಿದ್ದ ವಿದ್ಯೆ ಒಂದೇ. ದೇವರಿಗೆ ಮುಡಿಸಿದ ದಾಸವಾಳವನ್ನು ಒಮ್ಮೆ ಕ್ಯಾಮೆರಾವನ್ನು ಹತ್ತಿರದ ಚಿತ್ರಕ್ಕೆಂದಿರುವ ಹೂವಿನ ಗುರುತಿಗಿಟ್ಟು ತೀರಾ ಹತ್ತಿರದಿಂದ ತೆಗೆದಿದ್ದೆ. ಹಿಂದಿನ ಮಸಿಗೋಡೆ ಮಸುಕಾಗಿ ಮಾಯವಾಗಿತ್ತು. ಸುಣ್ಣ ಬಳಿಯುವುದು ತಪ್ಪಿತಲ್ಲ ಎಂದು ಸ್ವಾಮಿಗೆ ಕೈಮುಗಿದಿದ್ದೆ. ಸುಧಾಳಿಗೂ ಅದನ್ನೇ ಮಾಡಿದೆ. ಮೂಗು ಬದನೆಕಾಯಿಯಷ್ಟು ಬಂತು.

"ಮುಖ ಕಾಣ್ಲಿ ಅಂದೆ ಅತ್ತಿಗೆ, ಬರೀ ಮೂಗಲ್ಲ!"

ಒಂದು ಭಾನುವಾರವೆಲ್ಲ ಇದೇ ಕಸರತ್ತು. ಕೊನೆಗೆ ಸುಧಾಳನ್ನು ಮರಗಳಿಂದ ಬಲು ದೂರ, ಕಣದ ಈಚೆ ತುದಿಗೆ ಕರೆತಂದೆ. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು, ಜೂಮನ್ನು ಪೂರ್ತಿ ಎಳೆದು, ಮುಖಕ್ಕೇ ಗುರಿಯಿಟ್ಟು ಒತ್ತಿದೆ. ಅವಳ ಹಿಂದೆ ತೋಟ ಹಸಿರು ಮಂಜಾಗಿತ್ತು. ಗರಿಗಳ ಸಂದಿನ ಬಿಸಿಲು ದುಂಡು ದುಂಡಾಗಿ ದೀಪ ಹಚ್ಚಿಟ್ಟ ಹಾಗೆ. ಸುಧಾ ಬಾಯಿ ತುಂಬ ನಗುತ್ತಿದ್ದಳು.

ಪ್ರಿಂಟ್ ಹಾಕಿಸಿ ತಂದಾಗ ಅತ್ತೆ ಮಾತ್ರ ಎದೆ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಅಮ್ಮಣ್ಣಿ, ತೋಟಕ್ಕೆ ನುಸಿ ಬಿದ್ದಂಗೈತಲ್ಲೇ! ರೋಗದ ತೋಟ ಅಂತಾರೆ ಕಣೇ."

"ಬರೋರು ಮರ ಹತ್ತಕ್ ಬತ್ತಾರೇನವ್ವ?" ಎಂದ ಸುಧಾ ತಾನೇ ಅದನ್ನು ಕವರಿಗೆ ಹಾಕಿ ಅಂಟು ಹಚ್ಚಿದಳು.

ಫೋನಿನ ಆ ಕಡೆ ಕೊನೆಗೂ ಕನ್ನಡಕ ಸಿಕ್ಕಿತೆಂದು ಕಾಣುತ್ತದೆ. "ಇದೇನಮ್ಮ, ಹಿಂದ್ಗಡೆ ಒಂದೂ ಕಾಣ್ತಿಲ್ವಲ್ಲ?"

ನಾನು ಹರಕೆಗೆ ಇನ್ನೊಂದು ದೀಪ ಸೇರಿಸಿದೆ. "ತೋಟ ಕಣ್ರೀ."

"ತೋಟ ಬುಡಿ, ನಮ್ಮಲ್ಲೂ ಐತೆ. ಈ ಹುಡ್ಗಿ ಯಾಕಿಂಗ್ ನಗ್ತಾವ್ಳೆ? ಅದನ್ನ ಕೇಳಣ ಅಂತ್ಲೇ ಫೋನ್ ಮಾಡ್ದೆ."

"ಫೋಟೊ ತೆಗೀವಾಗ ಕರು ಹಿಂದ್ಲಿಂದ ಬಂದು ನನ್ನ ಸೆರಗು ಅಗೀತಿತ್ತು ಕಣ್ರೀ."

ಆ ಕಡೆಯಿಂದ ಬಂದ ನಗುವಿಗೆ ಫೋನು ಜಾರಿ ಹುಣಸೆಹಣ್ಣಿನೊಳಗೆ ಬಿತ್ತು. ಎತ್ತಿಕೊಂಡಾಗ ಕೇಳಿಸಿದ್ದು ಇಷ್ಟು: "ಸೋಮವಾರ ಬತ್ತೀವಿ. ಅವಳ ಕೈಲೇ ಹೇಳ್ಸಿ ಇದನ್ನ."

ಬಾಗಿಲ ಮರೆಯಲ್ಲಿದ್ದ ಸುಧಾ ಹಿತ್ತಲಿಗೆ ಓಡಿದಳು. ಅತ್ತೆಗೂ ಸಂತೋಷವೇ. ಆದರೂ ಮೆಲ್ಲಗೆ ಕೇಳಿದರು: "ತೋಟ ಹೆಂಗೈತೆ ಅಂತ ಕೇಳ್ಲೇ ಇಲ್ವೇನೇ?" ನಾನು ಇಲ್ಲವೆಂದು ತಲೆಯಾಡಿಸಿದೆ. "ಆ ಸಸಿಗಳಿಗೆಲ್ಲ ಕೊಡ್ದಲ್ಲಿ ನೀರು ಹೊತ್ತೋಳು ನಾನು ಕಣೇ. ಸುಧಾ ಆಗ ಹೊಟ್ಟೇಲಿದ್ಲು" ಎಂದರು ಅತ್ತೆ.

ಅಷ್ಟು ವರ್ಷ ಅವರ ಜೊತೆ ಬಾಳಿದವಳು ನಾನು. ಮಗಳನ್ನು ಮರಗಳ ನಡುವೆ ನಿಲ್ಲಿಸುತ್ತಿದ್ದುದು ಆಸ್ತಿ ತೋರಿಸಲು ಎಂದೇ ತಿಳಿದಿದ್ದೆ.

ಕೈ ತೊಳೆದು ಕ್ಯಾಮೆರಾ ತಂದೆ. ಅತ್ತೆಯನ್ನು ತೋಟದೊಳಗೆ ಕರೆದೊಯ್ದು ಮರವೊಂದಕ್ಕೆ ಒರಗಿಸಿ ನಿಲ್ಲಿಸಿದೆ. ಜೂಮನ್ನು ಪೂರ್ತಿ ಒಳಕ್ಕೆ ತಂದು ಒತ್ತಿದೆ.

"ಮರ ಬಂದವೇನೇ?"

"ಎಲ್ಲಾ ಬಂದವೆ ಅತ್ತೆ."

ನಂಬದೆ ಕ್ಯಾಮೆರಾ ಇಸಿದುಕೊಂಡು, ಬೆಂಕಿಪೊಟ್ಟಣದಷ್ಟು ಪರದೆಯ ಮೇಲೆ ಒಂದೊಂದೇ ಮರಕ್ಕೆ ಬೆರಳಿಡುತ್ತಾ ಅಲ್ಲೇ ನಿಂತರು. ನಾನು ಒಳಗೆ ಬಂದು ಮುದ್ದೆಗೆ ಎಸರಿಟ್ಟೆ.