ಜಾಲಿಸಿದ ರಾಗಿ

ಕಳೆದ ವರ್ಷ ಅರಸೀಕೆರೆಯ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಬೋಧಕರಾದ ಅಯ್ಯನವರು ಶುಕ್ರವಾರದ ಪಾಠಕ್ಕೆ ಒಂದೇ ವಿಷಯ ಹಿಡಿದಿದ್ದರು. ಬರಲಿರುವ ದೇವರ ರಾಜ್ಯದಲ್ಲಿ ಸೇವೆ ಮಾಡಬೇಕಾದವರು ಈಗಿನಿಂದಲೇ ಹೇಗೆ ತಯಾರಾಗಬೇಕು ಎಂಬುದು. ಸ್ವಲ್ಪದರಲ್ಲಿ ನಂಬಿಗಸ್ತನಾಗಿದ್ದ ಆಳಿಗೆ ಒಡೆಯ ಹತ್ತು ಊರುಗಳ ಅಧಿಕಾರ ಕೊಟ್ಟ ಬೈಬಲಿನ ಸಾಮ್ಯಕಥೆ ಹೇಳಿದ ದಿನ ನಾನು ಮನೆಗೆ ಬರುವ ದಾರಿಯಲ್ಲೇ ಊರು ಹಂಚಿಕೊಂಡೆ. ಬಾಣಾವರ, ಗಂಡಸಿ ನನಗಿರಲಿ. ಬೇಲೂರು, ಹಳೇಬೀಡು ಬೇರೆಯವರು ನೋಡಿಕೊಳ್ಳಲಿ, ಅಲ್ಲಿ ಪ್ರವಾಸಿಗರ ಗಲಾಟೆ ಜಾಸ್ತಿ.

ಸದ್ಯಕ್ಕೆ ನನಗೆ ಬೇಕಾಗಿದ್ದದ್ದು ಹೆಂಗಸರ ಕೂಟದಲ್ಲಿ ಪಾಠ ಹೇಳುವ ಕೆಲಸ. ನನಗೆ ಮಾತು ಚೆನ್ನಾಗಿ ಬರುತ್ತದೆ, ನನ್ನ ಹತ್ತಿರ ಜಗಳವಾಡಿದವರೆಲ್ಲ ಅದಕ್ಕೆ ಸಾಕ್ಷಿ. ಅಯ್ಯನವರು ಒಪ್ಪಿಸಿದ್ದು ಮಾತ್ರ ರಾಗಿ ಹಸನು ಮಾಡುವ ಕೆಲಸ.

ನಮ್ಮ ಸಭೆಯವರು ದಿನವೂ ಅಡುಗೆಗೆ ಮುಂಚೆ ದೇವರ ಹೆಸರಿನಲ್ಲಿ ಒಂದು ಹಿಡಿ ರಾಗಿ ಡಬ್ಬದಲ್ಲಿ ಎತ್ತಿಡುತ್ತಾರೆ. ಭಾನುವಾರ ಎಲ್ಲರ ರಾಗಿಯೂ ಒಂದೇ ಚೀಲಕ್ಕೆ ಬೀಳುತ್ತದೆ. ಅದನ್ನು ಹಿಟ್ಟು ಮಾಡಿಸಿ ಕೈಲಾಗದವರ ಮನೆಗೆ ಮುಟ್ಟಿಸಬೇಕು. ಈಗಂತೂ ಟಾರು ರಸ್ತೆಯ ಮೇಲೇ ಒಕ್ಕಣೆ ನಡೆಯುವುದರಿಂದ ರಾಗಿಯಲ್ಲಿ ಕಲ್ಲಿಗೆ ಬರವಿಲ್ಲ. ನೀರಿನಲ್ಲಿ ಜಾಲಿಸಿ, ಕಲ್ಲನ್ನು ತಳದಲ್ಲಿ ಉಳಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಕಳಿಸಬೇಕು. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಜಾಲಿಸಲು ಬರುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಯಾರನ್ನಾದರೂ ಕೇಳಲು ಸೊಕ್ಕು ಬಿಡಲಿಲ್ಲ. ಮೊರದಲ್ಲಿ ನಾಲ್ಕು ಸಲ ಕೇರಿ, ಗೊಣಗುತ್ತ ಮಿಲ್ಲಿಗೆ ಹಾಕಿಸಿದೆ. ಹೇಗೂ ಮುದ್ದೆ ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಮೂರು ವಾರ ಹೀಗೇ ನಡೆಯಿತು. ನಾಲ್ಕನೆಯ ವಾರ ಹಿಟ್ಟು ತೆಗೆದುಕೊಂಡು ಹಾರನಹಳ್ಳಿಗೆ ನಾನೇ ಹೋಗಬೇಕಾಯಿತು. ಅಲ್ಲಿ ನಮ್ಮ ಸಭೆಯ ಒಬ್ಬ ಅಜ್ಜಿ ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದರು. ಡಾಕ್ಟರು ರಾಗಿ ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದಿದ್ದರು. ಪಕ್ಕದ ಮನೆಯಾಕೆ ನಮ್ಮ ಹಿಂದಿನ ವಾರದ ಹಿಟ್ಟಿನಲ್ಲಿ ಕಾಯಿಸಿಟ್ಟು ಹೋಗಿದ್ದ ಗಂಜಿಯನ್ನು ಅಜ್ಜಿ ಅರ್ಧ ಲೋಟ ಕುಡಿದು ಕೆಳಗಿಟ್ಟರು.

“ಪೂರ್ತಿ ಕುಡೀರಿ ಅಜ್ಜಿ. ಹೀಗೆ ಬಿಟ್ರೆ ಮೈಗೆ ಶಕ್ತಿ ಎಲ್ಲಿಂದ ಬರುತ್ತೆ?” ಎಂದು ಗದರಿದೆ.

“ತಳದ್ದು ಕುಡಿಯಾಕಾಗಕಿಲ್ಲ ಕಣವ್ವ, ಮರಳು ಐತೆ. ಮ್ಯಾಲಿನ ತಿಳಿ ಕುಡ್ಕತೀನಿ.”

ಲೋಟದೊಳಗೆ ಬೆರಳಾಡಿಸಿದೆ. ಕರಕರ ಎಂದಿತು. ಮೂರು ವಾರದಿಂದ ಆ ಜೀವ ಬರೀ ತಿಳಿಯಲ್ಲಿತ್ತು. ತೋಳು ಕಡ್ಡಿಯಾಗಿತ್ತು. ಅಷ್ಟರಲ್ಲಿ ಅಜ್ಜಿ ಕಣ್ಣು ಮುಚ್ಚಿ, ಹಿಡಿ ರಾಗಿ ಕೊಟ್ಟವರನ್ನೂ ಅದನ್ನು ಹಸನು ಮಾಡಿದ ಕೈಗಳನ್ನೂ ಆಶೀರ್ವದಿಸು ಎಂದು ದೇವರನ್ನು ಬೇಡಿಕೊಂಡರು. ಆಮೆನ್ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನ ಹೊತ್ತೂ ಆಗಿತ್ತು. ಎದ್ದು ನಿಂತವಳು ಮತ್ತೆ ಕುಳಿತೆ.

“ಅಜ್ಜಿ, ಹಸನು ಮಾಡಬೇಕಾಗಿದ್ದೋಳು ನಾನೇ. ನಂಗೆ ಜಾಲಿಸೋಕೆ ಬರಲ್ಲ. ಯಾರನ್ನೂ ಕೇಳಲಿಲ್ಲ.”

ಅಜ್ಜಿ ಪರವಾಗಿಲ್ಲ ಎನ್ನಲಿಲ್ಲ.

“ಬರಕಿಲ್ಲ ಅಂದ್ರೆ ಕಲೀಬೇಕು. ದೇವರ ರಾಜ್ಯ ಬಂದ್ ಮ್ಯಾಲೆ ಕಲೀತೀನಿ ಅಂದ್ರೆ ಆಯ್ತದಾ? ಹೊಟ್ಟೆ ಹಸಿಯೋದು ಈಗ. ಒಳಗೆ ಎಲ್ಡು ಬೋಸಿ ಅವೆ, ಮಡಕೇಲಿ ವಸಿ ರಾಗಿ ಐತೆ, ತಗಂಬಾ.”

ಬಸ್ಸು ಹೋಯಿತು. ನಾನು ಪಾತ್ರೆ ಎರಡನ್ನೂ ಮುಂದಿಟ್ಟುಕೊಂಡು ಅಂಗಳದ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತೆ, ಅಜ್ಜಿ ಮಂಚದಿಂದಲೇ ಹೇಳತೊಡಗಿದರು. “ಮೆತ್ತಗೆ ತೂಗು, ಕುಲುಕಬ್ಯಾಡ. ರಾಗಿ ನೀರ್ ಜತೆ ಆ ಬೋಸಿಗೆ ಹೋಗ್ಲಿ. ಅವಸರ ಮಾಡಿದ್ರೆ ಕಲ್ಲೂ ಜತೇಲೇ ಬತ್ತದೆ.”

ಮೊದಲ ಸಲ ಅರ್ಧ ರಾಗಿ ಅಂಗಳಕ್ಕೆ ಹೋಯಿತು. ಎರಡನೆಯ ಸಲ ಕಲ್ಲೇ ಮುಂದೆ ಬಂತು. ಯಾರಾದರೂ ಒಂದು ತಪ್ಪು ತೋರಿಸಿದರೆ ಮೂರು ದಿನ ಮುಖ ಊದಿಸಿಕೊಳ್ಳುವವಳು ನಾನು. ಅಂದು ಬೆನ್ನು ಬಗ್ಗಿಸಿ ಅಷ್ಟೂ ಬೈಗುಳ ಕೇಳಿಸಿಕೊಂಡೆ. ಬೋಸಿಯ ತಳದಲ್ಲಿ ಮೊದಲ ಬಾರಿಗೆ ಬರೀ ಕಲ್ಲು ಉಳಿದಾಗ ನನಗೆ ಅಳು ಬಂತು. ಪಾಠ ಹೇಳುವ ಆಸೆಯವಳ ಕೈಗೆ ಮೊರ ಕೊಟ್ಟ ಅಯ್ಯನವರಿಗೆ, ನನ್ನ ತಪ್ಪನ್ನು ತೇಲಿಸಿಬಿಡದೆ ತಿದ್ದಿದ ಅಜ್ಜಿಗೆ ನಾನು ಋಣಿ. ಆ ಬಸ್ಸು ತಪ್ಪಿಸಿದ ದೇವರಿಗೆ ಇಂದಿಗೂ ಸ್ತೋತ್ರ ಹೇಳುತ್ತೇನೆ.

ಮುಂದಿನ ವಾರದ ರಾಗಿಯನ್ನು ಎರಡು ಸಲ ಜಾಲಿಸಿ, ತಾರಸಿಯ ಮೇಲೆ ಒಣಗಿಸಿ, ಹಿಟ್ಟು ಮಾಡಿಸಿ ಹಾರನಹಳ್ಳಿಗೆ ಹೋದೆ. ಗಂಜಿಯನ್ನೂ ನಾನೇ ಕಾಯಿಸಿದೆ. ಅಜ್ಜಿ ನಿಧಾನವಾಗಿ ಕುಡಿಯುತ್ತಾ ಬಂದು, ತಳ ಹತ್ತಿರವಾದಾಗ ನಿಲ್ಲಿಸಿದರು. ಆಮೇಲೆ ಲೋಟವನ್ನು ಪೂರ್ತಿ ಎತ್ತಿ ಕುಡಿದು ನನ್ನ ಕಡೆ ಚಾಚಿದರು.

“ಇನ್ನೊಂದೀಟು ಐತೇನವ್ವ?”