ನನ್ನ ಹಳೇ ಅಳತೆ ಬ್ಲೌಸು

ಕಳೆದ ವಾರ ಭದ್ರಾವತಿಯ ಕಾಲೇಜೊಂದರ ವೇದಿಕೆಯ ಮೇಲೆ ನನ್ನ ಬ್ಲೌಸು ಹರಿಯಿತು. ನಗಬೇಡಿ. ಅದೂ ಮಹಿಳಾ ದಿನಾಚರಣೆಯಲ್ಲಿ!

ತಪ್ಪು ಟೈಲರದ್ದಲ್ಲ. ವಿದ್ಯಾನಗರದ ನಮ್ಮ ಸರೋಜಕ್ಕನಿಗೆ ಹೊಸ ಬ್ಲೌಸು ಹೊಲಿಯಲು ಕೊಟ್ಟಾಗ, ಅಳತೆಗೆಂದು ಹಳೆಯದೊಂದನ್ನು ಕೊಟ್ಟಿದ್ದೆ. (ನಾವೆಲ್ಲ ಹಾಗೇ ತಾನೇ?) ಬೀರುವಿನಲ್ಲಿ ಈಗ ತೊಡುವಂಥವು ಏಳೆಂಟಿದ್ದವು. ನಾನು ಹುಡುಕಿ ತೆಗೆದದ್ದು ಮಾತ್ರ ಬಿ.ಎ. ಓದುವಾಗಿನದು. ಸರೋಜಕ್ಕ ಅದನ್ನು ಎತ್ತಿ ಹಿಡಿದು, ನನ್ನನ್ನೊಮ್ಮೆ ನೋಡಿ, ಟೇಪಿಗೆ ಕೈ ಹಾಕಿದರು. ಬೇಡವೇ ಬೇಡ ಅಂದೆ. ಊರಿಗೆಲ್ಲ ಸ್ತ್ರೀವಾದಿ ಅನ್ನಿಸಿಕೊಂಡವಳ ಜೊತೆ ವಾದ ಮಾಡುವವರು ಯಾರು?

ಭಾಷಣದ ವಿಷಯ ಏನು ಗೊತ್ತೇ? 'ನನ್ನ ದೇಹ, ನನ್ನ ಹೆಮ್ಮೆ'. ಕರೆದವಳು ಅಲ್ಲಿ ಲೆಕ್ಚರರ್ ಆಗಿರುವ ಗೆಳತಿ ಸುಧಾ. ಅವಳ ಕ್ಲಾಸಿನ ಕವಿತಾ ಎಂಬ ಹುಡುಗಿ, ಕೇಬಲ್ ಟೀವಿಯಲ್ಲಿ ಸುಂದರಿಯರ ಸ್ಪರ್ಧೆ ನೋಡಿದಾಗಿನಿಂದ ಟಿಫಿನ್ ಡಬ್ಬಿಯ ಮುಚ್ಚಳವನ್ನೇ ತೆಗೆದಿಲ್ಲವಂತೆ. ಮೊನ್ನೆ ಕ್ಲಾಸಿನಲ್ಲೇ ತಲೆ ತಿರುಗಿ ಬಿದ್ದಳಂತೆ. ನಿನ್ನ ಮಾತಾದರೂ ಕೇಳಿಯಾಳು, ಬಾ ಮಾರಾಯ್ತಿ ಅಂದಿದ್ದಳು ಸುಧಾ.

ಹೋದೆ. ಆ ಹೊಸ ಬ್ಲೌಸಿನ ಹುಕ್ಕನ್ನು ಉಸಿರು ಬಿಗಿಹಿಡಿದು ಹಾಕಿಕೊಂಡೇ ಹೋದೆ. ದೇಹಕ್ಕೆ ತಕ್ಕ ಬಟ್ಟೆ ಇರಬೇಕೇ ಹೊರತು ಬಟ್ಟೆಗೆ ತಕ್ಕ ದೇಹವಲ್ಲ ಎಂದು ಗುಡುಗಿದೆ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ಕವಿತಾ ಮಾತ್ರ ಉಗುರು ನೋಡಿಕೊಳ್ಳುತ್ತಿದ್ದಳು. ಅವಳಿಗೂ ತಾಗಲಿ ಅಂತ ಘೋಷಣೆ ಕೂಗಲು ಮುಷ್ಟಿ ಮೇಲೆತ್ತಿದೆ.

ಪರ್ರ್!

ಕಂಕುಳಿಂದ ಸೊಂಟದವರೆಗೆ. ಮೈಕು ಅದನ್ನೂ ಬಿಡದೆ ಎಲ್ಲರಿಗೂ ಕೇಳಿಸಿತು.

ಶಾಲು ಹೊದಿಸುವ ಸನ್ಮಾನ ಅಂದರೆ ನನಗೆ ಮೊದಲಿಂದಲೂ ಅಲರ್ಜಿ. ಅವತ್ತು ಟೇಬಲ್ಲಿನ ಮೇಲಿದ್ದ ಶಾಲನ್ನು ನಾನೇ ಎಳೆದು ಹೊದ್ದುಕೊಂಡೆ. (ಸೆಖೆ? ಕೇಳಬೇಡಿ.)

ಸ್ಟಾಫ್ ರೂಮಿಗೆ ಸೇಫ್ಟಿ ಪಿನ್ನು ಹಿಡಿದು ಬಂದವಳು ಅದೇ ಕವಿತಾ. ಪಿನ್ನು ಹಾಕುತ್ತಾ ಮೆಲ್ಲಗೆ ಕೇಳಿದಳು: "ಇದು ನಿಮ್ಮ ಅಳತೇದೇನಾ ಮೇಡಂ?"

ಬಟ್ಟೆ ಸರಿಯಿಲ್ಲ ಎಂಬ ಸುಳ್ಳು ನಾಲಿಗೆ ತುದಿಯಲ್ಲಿತ್ತು. ಅವಳ ಬತ್ತಿದ ಮುಖ ನೋಡಿ ನಾಚಿಕೆಯಾಯಿತು. ಬಿ.ಎ. ಬ್ಲೌಸಿನ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟೆ. ಭಾಷಣಕ್ಕೆ ಅಲ್ಲಾಡದ ಹುಡುಗಿ ಬಿದ್ದು ಬಿದ್ದು ನಕ್ಕಳು. ನಕ್ಕು ಸುಸ್ತಾದವಳು ನನಗೆಂದು ತಂದಿಟ್ಟಿದ್ದ ಪ್ಲೇಟಿನ ಉಪ್ಪಿಟ್ಟಿಗೇ ಕೈ ಹಾಕಿದಳು. ನಾನು ಪ್ಲೇಟನ್ನು ಅವಳ ಕಡೆಗೆ ತಳ್ಳಿದೆ. ಅಷ್ಟು ಖುಷಿ ನನಗೆ ಯಾವ ಚಪ್ಪಾಳೆಯಿಂದಲೂ ಆಗಿಲ್ಲ.

ಮರುದಿನ ಸರೋಜಕ್ಕನ ಮುಂದೆ ನಿಂತು, ಈ ಸಲ ಟೇಪಿನಲ್ಲೇ ಅಳತೆ ತಗೊಳ್ಳಿ ಅಂದೆ, ಹೆಮ್ಮೆಯಿಂದಲೇ. ಅವರು ಟೇಪು ಸುತ್ತಿದರು. ಕಾದರು. ಮತ್ತೂ ಕಾದರು.

"ಉಸಿರು ಬಿಡಿ ಮೇಡಂ, ಆಮೇಲೆ ಅಳೀತೀನಿ."